ಕನ್ಸೋಲ್‌ಗಳ ಕಾಲಚಕ್ರ ಮತ್ತು ಗೇಮ್ ಎಂಜಿನ್‌ಗಳ ತಲೆಮಾರು

ವಿಡಿಯೋ ಗೇಮ್‌ಗಳ ಇತಿಹಾಸವನ್ನು ಕನ್ಸೋಲ್‌ಗಳ ಬಿಡುಗಡೆಯ ವರ್ಷಗಳಿಂದ ವಿಭಜಿಸುವುದು ರೂಢಿ. ಪ್ಲೇಸ್ಟೇಷನ್ 2ರ ಕಾಲ (2000), ಎಕ್ಸ್‌ಬಾಕ್ಸ್ 360ರ ಕಾಲ (2005) ಎಂಬ ಈ ವಿಂಗಡಣೆ ಯಂತ್ರವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಆಟವನ್ನು ಒಳಗಿನಿಂದ ನಡೆಸುವ ತಂತ್ರಾಂಶವಾದ ಎಂಜಿನ್‌ಗೆ ಬೇರೆಯದೇ ಆಯುಷ್ಯವಿದೆ. ಕೊಳ್ಳೇಗಾಲದಂತಹ ರೇಷ್ಮೆ ನೇಯ್ಗೆಯ ಊರುಗಳನ್ನು ಬಲ್ಲವರಿಗೆ ಇದು ಹೊಸತೆನಿಸದು: ಮಗ್ಗ ಬದಲಾದರೂ ಅದರ ಮೇಲಿನ ಜಕಾರ್ಡ್ ಅದೇ ಅಳತೆಯದಾದರೆ ಹಳೆಯ ವಿನ್ಯಾಸದ ರಟ್ಟುಗಳು ಮತ್ತೆ ಕೆಲಸಕ್ಕೆ ಬರುತ್ತವೆ, ಜಕಾರ್ಡೇ ಬದಲಾದರೆ ರಟ್ಟುಗಳನ್ನು ಹೊಸದಾಗಿ ಕೊರೆಯಬೇಕು.

‘ಡೂಮ್’ (1993), ‘ಅನ್‌ರಿಯಲ್’ (1998) ಆಟಗಳ ಎಂಜಿನ್‌ಗಳು ಗಣಕಗಳಲ್ಲಿ ಬೆಳೆದು, ಇತರ ಸಂಸ್ಥೆಗಳಿಗೂ ಪರವಾನಗಿಯ ಮೇಲೆ ದೊರೆತವು. ಕನ್ಸೋಲ್‌ಗಳಲ್ಲಿ ಅಂತಹ ಸ್ಥಾನ ಪಡೆದದ್ದು ಬ್ರಿಟನ್ನಿನ ಕ್ರೈಟೀರಿಯನ್ ಸಂಸ್ಥೆಯ ‘ರೆಂಡರ್‌ವೇರ್’. ಪ್ಲೇಸ್ಟೇಷನ್ 2, ಎಕ್ಸ್‌ಬಾಕ್ಸ್, ಗಣಕ ಮೂರರಲ್ಲೂ ನಡೆಯುತ್ತಿದ್ದ ಇದರ ಮೇಲೆಯೇ ರಾಕ್‌ಸ್ಟಾರ್ ಸಂಸ್ಥೆಯ ‘ಗ್ರ್ಯಾಂಡ್ ಥೆಫ್ಟ್ ಆಟೋ 3’ (2001) ರೂಪುಗೊಂಡಿತು. 2004ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕ್ರೈಟೀರಿಯನ್ನನ್ನು ಕೊಂಡಾಗ, ಎದುರಾಳಿಯ ಎಂಜಿನ್ ನೆಚ್ಚಿಕೊಳ್ಳುವ ಇಕ್ಕಟ್ಟು ಉಳಿದವರಿಗೆ ಒದಗಿತು. ರಾಕ್‌ಸ್ಟಾರ್ ತನ್ನದೇ ಆದ ‘ರೇಜ್’ ಎಂಜಿನ್ ಕಟ್ಟಿ 2006ರಿಂದ ಬಳಕೆಗೆ ತಂದಿತು. ರೆಂಡರ್‌ವೇರ್ ಹಿಂದೆ ಸರಿದದ್ದಕ್ಕೆ ಹೊಸ ಕನ್ಸೋಲ್‌ನಷ್ಟೇ ಒಡೆತನದ ಬದಲಾವಣೆಯೂ ಕಾರಣವೆಂಬುದು ಗಮನಾರ್ಹ.

ಎಂಜಿನ್ ಯಂತ್ರವನ್ನು ಹಿಂಬಾಲಿಸುತ್ತದೆಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. ಎಕ್ಸ್‌ಬಾಕ್ಸ್ 360ಕ್ಕೆ 256 ಮೆಗಾಬೈಟ್ ಸ್ಮೃತಿ ಸಾಲದೆಂದು ಅನ್‌ರಿಯಲ್ ಎಂಜಿನ್ 3ರ ನಿರ್ಮಾತೃ ಎಪಿಕ್ ಸಂಸ್ಥೆ ವಾದಿಸಿ ತೋರಿಸಿದ ಮೇಲೆ ಮೈಕ್ರೋಸಾಫ್ಟ್ ಅದನ್ನು 512ಕ್ಕೆ ಏರಿಸಿತು. ಅನ್‌ರಿಯಲ್ 5 ಮೇ 2020ರಲ್ಲಿ, ಪ್ಲೇಸ್ಟೇಷನ್ 5 ಮಾರುಕಟ್ಟೆಗೆ ಬರುವ ಮುನ್ನವೇ, ಅದರ ಮೇಲೆ ಪ್ರದರ್ಶಿತವಾಯಿತು. ಪೂರ್ಣರೂಪದಲ್ಲಿ ದೊರೆತದ್ದು ಏಪ್ರಿಲ್ 2022ರಲ್ಲಿ.

ಭಾರತದ ಮಟ್ಟಿಗೆ ಬಿಡುಗಡೆಯ ಪಂಚಾಂಗ ಇನ್ನಷ್ಟು ಸಡಿಲ. ಪ್ಲೇಸ್ಟೇಷನ್ 3 ಹೊರಬಂದದ್ದು 2006ರಲ್ಲಿ. ಹೈದರಾಬಾದಿನಲ್ಲಿ ತಯಾರಾದ ‘ಹನುಮಾನ್: ಬಾಯ್ ವಾರಿಯರ್’ 2009ರಲ್ಲಿ ಬಂದದ್ದು ಪ್ಲೇಸ್ಟೇಷನ್ 2ಕ್ಕೆ.

ಕರ್ನಾಟಕದ ನಿದರ್ಶನ, 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್. ‘ಫೋರ್ಜಾ’ ಸರಣಿಯೇ ಮೊದಲಾದ ಪರದೇಶದ ಆಟಗಳಿಗೆ ಇಲ್ಲಿ ಚಿತ್ರಣದ ಕೆಲಸ ನಡೆಯಿತು. ಕನ್ಸೋಲ್ ಪರರದು, ಎಂಜಿನ್ ಪರರದು. ತಲೆಮಾರು ಬದಲಾದಂತೆಲ್ಲ ಒಂದೊಂದು ವಸ್ತುವಿನ ಮೇಲಿನ ದುಡಿಮೆಯಂತೂ ಇಮ್ಮಡಿಸುತ್ತ ಹೋಯಿತು. 2016ರ ಕೊನೆಯಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆ ಧ್ರುವವನ್ನು ಕೊಳ್ಳಲು ಮುಂದಾಯಿತು. 2019ರಲ್ಲಿ ಅದು ಸೇರಿದ್ದು ರಾಕ್‌ಸ್ಟಾರ್‌ನ ಬೆಂಗಳೂರು ಶಾಖೆಯನ್ನು, ಅಂದರೆ ಸ್ವಂತ ಎಂಜಿನ್ ಉಳ್ಳ ಮನೆಯನ್ನು.