ಮೆಕಾಡಂ ಮತ್ತು ಜಲ್ಲಿಯ ಅಳತೆ

ಪ್ರೌಢಶಾಲೆಯಲ್ಲಿ ನಾನು ಕೈಗಾರಿಕಾ ಕ್ರಾಂತಿಯ ಪಾಠ ಮಾಡುವಾಗ ಜಾನ್ ಮೆಕಾಡಂ ಎಂಬ ಹೆಸರು ಒಂದೇ ವಾಕ್ಯದಲ್ಲಿ ಬಂದು ಹೋಗುತ್ತಿತ್ತು. ಗಟ್ಟಿ ರಸ್ತೆಯ ವಿಧಾನ ಕಂಡುಹಿಡಿದವನು ಎಂದು ಬರೆದರೆ ಒಂದು ಅಂಕ. ಆದರೆ ಕಲ್ಲೂ ರಸ್ತೆಯೂ ಅವನಿಗಿಂತ ಹಳೆಯವು. ಅವನು ಬದಲಿಸಿದ್ದು ಮುಖ್ಯವಾಗಿ ಕಲ್ಲಿನ ಗಾತ್ರವನ್ನು.

1756ರಲ್ಲಿ ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ ಜನಿಸಿದ ಮೆಕಾಡಂ, 1816ರಲ್ಲಿ ಬ್ರಿಸ್ಟಲ್ ಸೀಮೆಯ ಸುಂಕದ ರಸ್ತೆಗಳ ಮೇಲ್ವಿಚಾರಕನಾದನು. ಅಂದು ದಪ್ಪ ಕಲ್ಲು, ದುಂಡು ಕಲ್ಲು, ಮಣ್ಣು ಎಲ್ಲವನ್ನೂ ಬೆರೆಸಿ ಸುರಿಯುವುದು ರೂಢಿಯಾಗಿತ್ತು. ಗಾಲಿಯ ಒತ್ತಡಕ್ಕೆ ದೊಡ್ಡ ಕಲ್ಲುಗಳು ಅಲುಗಾಡಿ ಮೇಲೇಳುತ್ತಿದ್ದವು; ಮಳೆಗೆ ಮಣ್ಣು ಕೆಸರಾಗುತ್ತಿತ್ತು. ಆರು ಔನ್ಸಿಗಿಂತ, ಅಂದರೆ ಸುಮಾರು 170 ಗ್ರಾಮಿಗಿಂತ ಭಾರವಾದ ಕಲ್ಲು ಸಲ್ಲದು, ಮಣ್ಣು ಬೆರೆಸಕೂಡದು, ತಳದ ನೆಲ ಒಣಗಿರಬೇಕು ಎಂಬುದು ಮೆಕಾಡಮನ ನಿಯಮ. ಭಾರ ಹೊರುವುದು ನೆಲವೇ. ಕಲ್ಲಿನ ಪದರ ಅದನ್ನು ನೀರಿನಿಂದ ಕಾಯುವ ಸೂರು ಎಂದು ಅವನು ತಿಳಿದಿದ್ದನು. ಒಡೆದ ಕಲ್ಲಿನ ಮೊನೆಗಳು ಬಂಡಿಗಳ ಓಡಾಟದಿಂದಲೇ ಒಂದಕ್ಕೊಂದು ಹೆಣೆದುಕೊಳ್ಳುತ್ತಿದ್ದವು.

ಆ ಸಣ್ಣ ಕಲ್ಲನ್ನು ಕುಳಿತೇ ಒಡೆಯಬಹುದಾಗಿದ್ದರಿಂದ ಹೆಂಗಸರು, ಮುದುಕರು, ಮಕ್ಕಳು ಆ ದುಡಿಮೆಗೆ ಬಂದರು. ಕ್ರಷರ್ ಬರುವ ಮುನ್ನ ನಮ್ಮ ರಸ್ತೆಬದಿಗಳಲ್ಲಿ ಜಲ್ಲಿ ಒಡೆಯುತ್ತಿದ್ದ ತಾಯಂದಿರನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದೇವೆ. ರಸ್ತೆಯ ಚರಿತ್ರೆಯಲ್ಲಿ ಅವರ ಹೆಸರಿಲ್ಲ.

ಮೆಕಾಡಮನ ರಸ್ತೆಯಲ್ಲಿ ಕಬ್ಬಿಣದ ಪಟ್ಟಿಯ ಗಾಲಿಗಳು ಕಲ್ಲನ್ನು ಸವೆಸಿ, ಆ ಪುಡಿಯೇ ಸಂದುಗಳನ್ನು ತುಂಬುತ್ತಿತ್ತು. ಇಪ್ಪತ್ತನೆಯ ಶತಮಾನದ ಮೋಟಾರು ಗಾಡಿಗಳ ರಬ್ಬರ್ ಚಕ್ರಗಳು ಅದೇ ಪುಡಿಯನ್ನು ಎಬ್ಬಿಸಿ ಹಾರಿಸತೊಡಗಿದವು. ಆಗ ಮೇಲ್ಮೈಗೆ ಡಾಂಬರು ಬಂದಿತು. ತಳದಲ್ಲಿ ಮಾತ್ರ ಜಲ್ಲಿಯೇ ಉಳಿಯಿತು.

ಆ ತಳದ ಜಲ್ಲಿ ಎಲ್ಲವೂ ಒಂದೇ ಗಾತ್ರದ್ದಾದರೆ ಸಂದುಗಳು ಉಳಿದು, ಲಾರಿಗಳ ಭಾರಕ್ಕೆ ಕಲ್ಲುಗಳು ಜರುಗಿ ಪರಸ್ಪರ ತಿಕ್ಕಿ ಸವೆಯುತ್ತವೆ. ಪುಡಿ ಹೆಚ್ಚಾದರೆ ದೊಡ್ಡ ಕಲ್ಲುಗಳಿಗೆ ಪರಸ್ಪರ ಆಸರೆ ತಪ್ಪುತ್ತದೆ. ಪುಡಿ ನೀರನ್ನು ಹಿಡಿದಿಟ್ಟುಕೊಂಡು ಮೆತ್ತಗಾಗುತ್ತದೆ, ಚಕ್ರದ ಜಾಡು ಕುಸಿಯುತ್ತದೆ. ದೊಡ್ಡದರ ಸಂದಿಗೆ ಮಧ್ಯಮ, ಮಧ್ಯಮದ ಸಂದಿಗೆ ಚಿಕ್ಕದು, ಅದರ ಸಂದಿಗೆ ಪುಡಿ ಎಂಬ ಕ್ರಮವೇ ಬಲ. ನಮ್ಮಲ್ಲಿ ಹಿಂದೆ ಹೆಚ್ಚುಕಡಿಮೆ ಸಮಗಾತ್ರದ ಜಲ್ಲಿ ಹರಡಿ, ರೋಲರ್ ಓಡಿಸಿ, ಮೇಲೆ ಪುಡಿ ಉದುರಿಸಿ ನೀರು ಹಾಯಿಸುತ್ತಿದ್ದರು. ಈಗ ಹೆದ್ದಾರಿಗಳಿಗೆ ಎಲ್ಲ ಗಾತ್ರಗಳನ್ನೂ ಅಳತೆಯ ನೀರಿನೊಂದಿಗೆ ಯಂತ್ರದಲ್ಲೇ ಬೆರೆಸಿ ಹಾಸುತ್ತಾರೆ. ಅದರಲ್ಲಿ ಅತಿ ನವಿರಾದ ಧೂಳು ಎಷ್ಟಿರಬಹುದು ಎಂಬುದಕ್ಕೆ ಮಿತಿಯಿದೆ.

ಮೆಕಾಡಂ ಹೊರಗಿಟ್ಟ ಪುಡಿಯನ್ನು ಇಂದು ಅಳೆದು ಒಳಗೆ ಸೇರಿಸುತ್ತೇವೆ. ಆದರೆ ನೀರಿನ ಬಗೆಗಿನ ಅವನ ಎಚ್ಚರಿಕೆ ಹಾಗೆಯೇ ಉಳಿದಿದೆ. ಒಂದೇ ಮಳೆಗಾಲಕ್ಕೆ ರಸ್ತೆ ಕುಸಿದರೆ ನಾವು ಬೈಯುವುದು ಡಾಂಬರನ್ನು. ಕೇಳಬೇಕಾದ ಲೆಕ್ಕ ಅದರ ಕೆಳಗಿನ ಜಲ್ಲಿಯದು, ಪಕ್ಕದ ಚರಂಡಿಯದು.