ಗಂಗೆಯ ಎರಡು ದಾರಿ

ವಾಚಕರೇ, 1834ರ ಸುಮಾರಿನಲ್ಲಿ ಕಲ್ಕತ್ತೆಯಿಂದ ಅಲಹಾಬಾದಿಗೆ ಹೊರಟ ಪ್ರಯಾಣಿಕರು ನೀವೇ ಎಂದು ಒಂದು ಗಳಿಗೆ ಭಾವಿಸಿಕೊಳ್ಳಿ. ರೈಲು ಇನ್ನೂ ಬಂದಿಲ್ಲ. ದೇಶೀ ದೋಣಿಯಲ್ಲಿ ಹೊರಟರೆ ಹಾಯಿಗೆ ಗಾಳಿ ಬೇಕು. ಗಾಳಿ ಬೀಳದ ದಿನ ಅಂಬಿಗರು ದಡದ ಮೇಲೆ ನಡೆಯುತ್ತ ದೋಣಿಯನ್ನು ಹಗ್ಗದಿಂದ ಎಳೆಯಬೇಕು. ಎರಡು ಮೂರು ತಿಂಗಳ ಮಾತು. ಆ ವರ್ಷ ಈಸ್ಟ್ ಇಂಡಿಯಾ ಕಂಪೆನಿಯವರು ‘ಲಾರ್ಡ್ ವಿಲಿಯಂ ಬೆಂಟಿಂಕ್’ ಎಂಬ ಕಬ್ಬಿಣದ ಉಗಿಹಡಗನ್ನು ಗಂಗೆಗೆ ಇಳಿಸಿದಾಗ ಈ ತಿಂಗಳುಗಳು ವಾರಗಳಿಗೆ ಇಳಿದುವು. ಆದರೆ ಎಷ್ಟು ವಾರ, ಯಾವ ದಾರಿ ಎಂದು ಹೇಳಬೇಕಾದರೆ ನೀವು ಯಾವ ತಿಂಗಳಲ್ಲಿ ಹೊರಡುವಿರೆಂದು ಮೊದಲು ಕೇಳಬೇಕಾಗಿತ್ತು.

ಕಾರಣ ಹೀಗಿದೆ. ಕಲ್ಕತ್ತೆ ಇರುವುದು ಹೂಗ್ಲಿಯ ದಡದಲ್ಲಿ. ಈ ಹೂಗ್ಲಿಗೆ ಮೇಲುಗಡೆ ಭಾಗೀರಥಿಯೆಂದು ಹೆಸರು. ಗಂಗೆಯ ಮುಖ್ಯ ಪ್ರವಾಹದಿಂದ ಕವಲೊಡೆದು ಬರುವ ನದಿ ಇದು. ಮಳೆಗಾಲದಲ್ಲಿ ದಡ ತುಂಬಿ ಹರಿಯುತ್ತದೆ. ಮಳೆ ನಿಂತಿತೆಂದರೆ ಆ ಕವಲಿನ ಬಾಯಲ್ಲೇ ಮರಳು ಬಿದ್ದು, ಬೇಸಗೆಯ ಹೊತ್ತಿಗೆ ಅಲ್ಲಲ್ಲಿ ಮನುಷ್ಯರು ನಡೆದೇ ದಾಟುವಷ್ಟು ನೀರು ಇಳಿಯುತ್ತಿತ್ತು. ನೆರೆಯ ಜಲಂಗಿ, ಮಾಥಾಭಾಂಗಾ ನದಿಗಳ ಪಾಡೂ ಅದೇ.

ಆದ್ದರಿಂದ ಹಡಗಿಗೆ ಎರಡು ದಾರಿ. ಮಳೆಗಾಲದಲ್ಲಿ ನೇರವಾಗಿ ಭಾಗೀರಥಿ. ನೀರು ಇಳಿದ ಮೇಲೆ ಉತ್ತರಕ್ಕೆ ಹೋಗಬೇಕಾದವರು ಮೊದಲು ದಕ್ಷಿಣಕ್ಕೆ ತಿರುಗಬೇಕು! ಸಮುದ್ರದ ಕಡೆಗೆ ಇಳಿದು, ಸುಂದರಬನದ ಉಪ್ಪುನೀರಿನ ಕವಲುಗಳಲ್ಲಿ ಪೂರ್ವಕ್ಕೆ ಸಾಗಿ, ಖುಲ್ನಾದ ಕಡೆಯಿಂದ ಮೇಲೇರಿ ಗಂಗೆಯನ್ನು ಸೇರಬೇಕು. ನೂರಾರು ಮೈಲಿಯ ಸುತ್ತು. ಮಳೆಗಾಲದ ದಾರಿ ಹತ್ತಿರವಾದರೂ ಸುಲಭವೆನ್ನುವಂತಿಲ್ಲ. ಕೆಂಪು ನೆರೆಯನ್ನು ಎದುರಿಸಿ ಏರುವ ಹಡಗು ಇದ್ದಲ್ಲೇ ಏದುಸಿರು ಬಿಡುತ್ತಿತ್ತು.

ಈ ಸುತ್ತು ದೊಡ್ಡವರಿಗೂ ತಪ್ಪಲಿಲ್ಲ. 1837ರ ಅಕ್ಟೋಬರ್ 21ರಂದು ಗವರ್ನರ್ ಜನರಲ್ ಲಾರ್ಡ್ ಆಕ್ಲೆಂಡ್ ಕಲ್ಕತ್ತೆಯಿಂದ ಉತ್ತರದೇಶದ ಪ್ರವಾಸಕ್ಕೆ ಹೊರಟನು. ಜೊತೆಗಿದ್ದ ಸೋದರಿ ಎಮಿಲಿ ಈಡನ್ ಬರೆದ ಪತ್ರಗಳಿಂದ ಆ ಪಯಣದ ವಿವರ ತಿಳಿಯುತ್ತದೆ. ಹಿಂದೂಸ್ಥಾನದ ಬಹುಭಾಗದ ಮೇಲೆ ಅಧಿಕಾರ ನಡೆಸುತ್ತಿದ್ದವನು ಸುಂದರಬನದ ಕಾಡಿನ ನಡುವೆ ಬಳಸಿಕೊಂಡೇ ಕಾಶಿ ಮುಟ್ಟಬೇಕಾಯಿತು. ಅವರು ಕುಳಿತಿದ್ದುದು ‘ಮೇಘನಾ’ ಎಂಬ ಚಪ್ಪಟೆ ತಳದ ದೋಣಿಯಲ್ಲಿ. ಅದನ್ನು ಉಗಿಹಡಗು ಎಳೆಯುತ್ತಿತ್ತು. ಗಂಗೆಯ ಮೇಲೆ ಅದೇ ರೂಢಿ. ಯಂತ್ರ, ಇದ್ದಲು, ಜನ ಎಲ್ಲವನ್ನೂ ಒಂದೇ ಹಡಗಿನಲ್ಲಿ ತುಂಬಿದರೆ ಅದು ನೀರಿನಲ್ಲಿ ಆಳಕ್ಕೆ ಇಳಿದು ಮರಳಿಗೆ ತಗಲುವುದು. ಬೇರೆ ಬೇರೆಯಾಗಿ ಹೇರಿದರೆ ಸುಮಾರು ಎರಡು ಅಡಿ ನೀರಿನಲ್ಲೂ ತೇಲಬಹುದು.

ಇದ್ದಲಿನ ಮಾತು ಬಂತು, ಅದೂ ಸ್ವಾರಸ್ಯವಾಗಿದೆ. ರಾಣಿಗಂಜಿನ ಗಣಿಯ ಇದ್ದಲು ದಾಮೋದರ ನದಿಯ ಮೇಲೆ ದೋಣಿಗಳಲ್ಲಿ ಬರಬೇಕಾಗಿತ್ತು. ದಾಮೋದರದಲ್ಲಿ ದೋಣಿ ತೇಲುವಷ್ಟು ನೀರಿರುವುದು ಮಳೆಗಾಲದಲ್ಲಿ ಮಾತ್ರ. ಒಂದು ನದಿಯಲ್ಲಿ ನೀರಿದ್ದಾಗ ಕೂಡಿಟ್ಟ ಇದ್ದಲನ್ನು ಇನ್ನೊಂದು ನದಿಯಲ್ಲಿ ನೀರಿಲ್ಲದಾಗ ಸುಡುತ್ತಿದ್ದರು.

ನೀರನ್ನು ಕಾಯುತ್ತ ಸುಮ್ಮನೆ ಕುಳಿತಿದ್ದರೆಂದು ತಿಳಿಯಬೇಡಿ. ಬಿದಿರುಗಳನ್ನು ನದಿಯೊಳಗೆ ಓರೆಯಾಗಿ ನೆಟ್ಟು ತಟ್ಟಿ ಕಟ್ಟಿದರೆ ಹರಿವು ಒಂದು ಕಡೆಗೆ ಒತ್ತರಿಸಿ, ತಾನೇ ಮರಳನ್ನು ಕೊರೆದು ದಾರಿ ಮಾಡಿಕೊಳ್ಳುತ್ತದೆ. ಬಂಗಾಳದ ನದಿಗಳಲ್ಲಿ ಈ ಉಪಾಯ ಬಹುಕಾಲ ನಡೆಯಿತು. ಖರ್ಚು ಕಡಮೆ, ಆದರೆ ಮುಂದಿನ ನೆರೆಗೆ ಎಲ್ಲವೂ ಕೊಚ್ಚಿಹೋಗುವುದು.

1860ರ ಹೊತ್ತಿಗೆ ರೈಲು ರಾಜಮಹಲಿನ ಬಳಿ ಗಂಗೆಯ ದಡ ಮುಟ್ಟಿತು. 1862ರಲ್ಲಿ ಕಾಶಿಯ ಎದುರು ದಡದ ಕಡೆಗೂ ಬಂದಿತು. ಆಮೇಲೆ ನೀರಿನ ಮಟ್ಟವನ್ನು ವಿಚಾರಿಸುವ ಪ್ರಯಾಣಿಕರು ಉಳಿಯಲಿಲ್ಲ.

ಭಾಗೀರಥಿಗೆ ಬೇಸಗೆಯಲ್ಲೂ ನೀರು ಸಿಕ್ಕಿದ್ದು 1975ರಲ್ಲಿ. ಫರಕ್ಕಾದಲ್ಲಿ ಗಂಗೆಗೆ ಅಡ್ಡಗಟ್ಟೆ ಹಾಕಿ, ಸುಮಾರು 38 ಕಿಲೋಮೀಟರು ಉದ್ದದ ಕಾಲುವೆಯಿಂದ ನೀರು ತಿರುಗಿಸಿದರು. ಕಲ್ಕತ್ತೆಯ ಬಂದರಿನ ಹೂಳು ತೊಳೆಯಬೇಕೆಂಬುದು ಅದರ ಉದ್ದೇಶ. ಆ ನೀರಿಗಾಗಿ ನೆರೆಯ ಬಾಂಗ್ಲಾದೇಶದೊಡನೆ ಎದ್ದ ತಕರಾರು ದೊಡ್ಡದು. ಅದು ಬೇರೆಯೇ ಕಥೆ.

2023ರ ಜನವರಿ 13ರಂದು ‘ಗಂಗಾ ವಿಲಾಸ’ವೆಂಬ ವಿಹಾರನೌಕೆ ವಾರಾಣಸಿಯಿಂದ ಅಸ್ಸಾಮಿನ ದಿಬ್ರುಗಢಕ್ಕೆ ಹೊರಟಿತು. 51 ದಿನಗಳೆಂದು ಗೊತ್ತುಮಾಡಿದ, ಸುಮಾರು 3,200 ಕಿಲೋಮೀಟರಿನ ಪಯಣ. ಈ ವಿಹಾರದ ಜನ ಬಯಸುವುದು ಚಳಿಗಾಲದ ತಿಳಿ ಬಿಸಿಲನ್ನು. ನದಿ ಇಳಿಮುಖವಾಗುವುದೂ ಆಗಲೇ. ಈ ನೌಕೆಗೆ 1.4 ಮೀಟರು, ಎಂದರೆ ನಾಲ್ಕೂವರೆ ಅಡಿಗಿಂತ ಹೆಚ್ಚು ನೀರು ಬೇಕು. ಕಲ್ಕತ್ತೆಯನ್ನು ದಾಟಿದ ಮೇಲೆ ಬಾಂಗ್ಲಾದೇಶಕ್ಕೆ ಅದು ಹಿಡಿದದ್ದು ಸುಂದರಬನದ ದಾರಿಯನ್ನೇ.