ಸೆಲ್ಮಾದ ಚಿತ್ರ ದಾಟಿ: ಅಮೆರಿಕದ ಯಹೂದಿ ಮಕ್ಕಳಿಗೆ ವರ್ಣನ್ಯಾಯದ ಪಾಠ

ಅಮೆರಿಕದ ಯಹೂದಿ ಶಾಲೆಗಳಲ್ಲಿ, ಬೇಸಿಗೆ ಶಿಬಿರಗಳಲ್ಲಿ ಮತ್ತೆ ಮತ್ತೆ ತೋರಿಸುವ ಒಂದು ಛಾಯಾಚಿತ್ರವಿದೆ. 1965ರ ಮಾರ್ಚ್ 21, ಅಲಬಾಮಾದ ಸೆಲ್ಮಾ. ಕಪ್ಪು ಜನರ ಮತದಾನದ ಹಕ್ಕಿಗಾಗಿ ಹೊರಟ ಮೆರವಣಿಗೆಯ ಮುಂದಿನ ಸಾಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದ್ದಾರೆ. ಅದೇ ಸಾಲಿನಲ್ಲಿ ಬಿಳಿ ಗಡ್ಡದ ರಬ್ಬಿ (ಯಹೂದಿ ಧರ್ಮಗುರು) ಅಬ್ರಹಾಂ ಜೋಶುವಾ ಹೆಶೆಲ್. ಕೊರಳಲ್ಲಿ ಹವಾಯಿಯಿಂದ ಬಂದ ಹೂಮಾಲೆ. ವಾರ್ಸಾದಲ್ಲಿ ಹುಟ್ಟಿದ ಹೆಶೆಲ್ ನಾಜಿಗಳಿಂದ ತಪ್ಪಿಸಿಕೊಂಡು ಬಂದವರು. ತಾಯಿಯನ್ನೂ ಸೋದರಿಯರನ್ನೂ ಆ ಕಾಲದಲ್ಲಿ ಕಳೆದುಕೊಂಡವರು. ಆ ದಿನದ ನಡಿಗೆಯೇ ತಮಗೆ ಪ್ರಾರ್ಥನೆಯಾಗಿತ್ತು ಎಂದು ಅವರು ಆಮೇಲೆ ಹೇಳಿದರು.

ವರ್ಣನ್ಯಾಯದ ಪಾಠ ಯಹೂದಿ ತರಗತಿಗಳೊಳಗೆ ಬಂದದ್ದು ಹೆಚ್ಚಾಗಿ ಈ ಚಿತ್ರದ ಮೂಲಕ. ಬಹಳ ವರ್ಷ ಪಾಠ ಅಲ್ಲೇ ನಿಂತಿತು ಎಂಬುದೂ ನಿಜ.

ಹೆಮ್ಮೆಪಡಲು ಕಾರಣಗಳೇನೂ ಕಡಿಮೆಯಿರಲಿಲ್ಲ. ಕಪ್ಪು ಜನರ ಹಕ್ಕುಗಳಿಗಾಗಿ 1909ರಲ್ಲಿ ಹುಟ್ಟಿದ ಎನ್‌ಎಎಸಿಪಿ ಸಂಸ್ಥೆಯ ಸ್ಥಾಪಕರಲ್ಲಿ ಯಹೂದಿಗಳಾದ ಹೆನ್ರಿ ಮಾಸ್ಕೊವಿಟ್ಜ್, ಲಿಲಿಯನ್ ವಾಲ್ಡ್ ಇದ್ದರು. ಯಹೂದಿ ವ್ಯಾಪಾರಿ ಜೂಲಿಯಸ್ ರೋಸೆನ್‌ವಾಲ್ಡ್, ಕಪ್ಪು ಶಿಕ್ಷಣತಜ್ಞ ಬೂಕರ್ ವಾಷಿಂಗ್ಟನ್ ಅವರ ಜೊತೆಗೂಡಿ ಶುರುಮಾಡಿದ ಕೆಲಸದಿಂದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗಾಗಿ ಸುಮಾರು 5,000 ಶಾಲೆಗಳು ಎದ್ದವು. 1963ರ ಆಗಸ್ಟ್ 28ರಂದು ವಾಷಿಂಗ್ಟನ್ ಮೆರವಣಿಗೆಯಲ್ಲಿ ಕಿಂಗ್ ಅವರಿಗಿಂತ ಸ್ವಲ್ಪ ಮೊದಲು ಮಾತಾಡಿದವರು ರಬ್ಬಿ ಯೋಆಕಿಂ ಪ್ರಿನ್ಸ್. ಹಿಟ್ಲರನ ಬರ್ಲಿನ್ನಿನಲ್ಲಿ ರಬ್ಬಿಯಾಗಿದ್ದ ಅವರು ಅಲ್ಲಿ ಕಲಿತದ್ದನ್ನು ಅಮೆರಿಕದವರಿಗೆ ಹೇಳಿದರು: ದ್ವೇಷಕ್ಕಿಂತಲೂ ನಾಚಿಕೆಗೇಡಿನದು ನೋಡುತ್ತ ಸುಮ್ಮನಿರುವುದು.

1964ರ ಜೂನ್ 21ರ ಘಟನೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಮತದಾರರ ನೋಂದಣಿಯ ಚಳವಳಿಯಲ್ಲಿ ದುಡಿಯುತ್ತಿದ್ದ ಮೂವರನ್ನು ಮಿಸಿಸಿಪ್ಪಿಯ ನೆಶೋಬಾ ಜಿಲ್ಲೆಯಲ್ಲಿ ಕೊಂದು ಮಣ್ಣಿನ ಒಡ್ಡಿನಡಿ ಹೂತರು. ಆಂಡ್ರ್ಯೂ ಗುಡ್‌ಮನ್‌ಗೆ 20 ವರ್ಷ, ಮೈಕೆಲ್ ಶ್ವೆರ್ನರ್‌ಗೆ 24. ಇಬ್ಬರೂ ನ್ಯೂಯಾರ್ಕಿನ ಯಹೂದಿಗಳು. ಜೇಮ್ಸ್ ಚೇನಿಗೆ 21, ಅದೇ ಸೀಮೆಯ ಕಪ್ಪು ಯುವಕ. ಯಹೂದಿ ಪಾಠಗಳಲ್ಲಿ ಮೊದಲಿಬ್ಬರ ಹೆಸರು ಗಟ್ಟಿಯಾಗಿ ಕೇಳುತ್ತಿತ್ತು, ಮೂರನೆಯದು ಅವುಗಳ ಬಾಲಕ್ಕೆ ಬರುತ್ತಿತ್ತು. ಆ ಮೂವರನ್ನು ಹುಡುಕುವಾಗ ಹೆನ್ರಿ ಡೀ, ಚಾರ್ಲ್ಸ್ ಮೂರ್ ಎಂಬ ಇಬ್ಬರು ಕಪ್ಪು ಯುವಕರ ಶವಗಳೂ ಸಿಕ್ಕವು. ಅವರಿಗಾಗಿ ದೇಶ ಎದ್ದು ಕೂತಿರಲಿಲ್ಲ. ಕಾಣೆಯಾದವರಲ್ಲಿ ಇಬ್ಬರು ಬಿಳಿಯರಾದ್ದರಿಂದಲೇ ಇಷ್ಟು ಗದ್ದಲ ಎಂದು ಶ್ವೆರ್ನರ್‌ನ ಪತ್ನಿ ರೀಟಾ ಅಂದೇ ಪತ್ರಕರ್ತರ ಮುಂದೆ ಹೇಳಿದ್ದರು. ಗಂಡನ ಶವವೂ ಸಿಗದ ದಿನಗಳಲ್ಲಿ ಆಕೆ ಆಡಿದ ಈ ಮಾತು ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಮೊದಲ ಪಾಠ. ಅದು ಪಠ್ಯಕ್ಕೆ ಸೇರಲು ದಶಕಗಳು ಬೇಕಾದವು.

ಸಂಸ್ಥೆಗಳು ಮಾಡಿದ ಕೆಲಸ ಬೇರೆ ಬಗೆಯದು. ಯಹೂದಿ ಧರ್ಮದ ಉದಾರವಾದಿ ರಿಫಾರ್ಮ್ ಪಂಥದವರು ವಾಷಿಂಗ್ಟನ್ನಿನಲ್ಲಿ ತೆರೆದ ರಿಲಿಜಿಯಸ್ ಆ್ಯಕ್ಷನ್ ಸೆಂಟರ್‌ನ ಸಭಾಕೊಠಡಿಯಲ್ಲೇ 1964ರ ನಾಗರಿಕ ಹಕ್ಕು ಕಾಯ್ದೆಯ, 1965ರ ಮತದಾನ ಹಕ್ಕು ಕಾಯ್ದೆಯ ಕರಡಿನ ಭಾಗಗಳು ಸಿದ್ಧವಾದವು. ಅದೇ ಕೇಂದ್ರದ 'ಲ್ತಾಕೆನ್' ಶಿಬಿರಕ್ಕೆ ಹೈಸ್ಕೂಲು ಮಕ್ಕಳು ವಾರಾಂತ್ಯದಲ್ಲಿ ಬರುತ್ತಾರೆ. ಧರ್ಮಗ್ರಂಥವನ್ನೂ ಮಸೂದೆಯನ್ನೂ ಒಟ್ಟಿಗೆ ಓದಿ, ಸೋಮವಾರ ತಮ್ಮ ಸಂಸದರ ಕಚೇರಿಗೆ ಹೋಗಿ ತಾವೇ ಮಾತಾಡುತ್ತಾರೆ. ಹದಿಮೂರಕ್ಕೆ ಬಾರ್ ಮಿತ್ಸ್ವಾ ಎಂಬ ಪ್ರಾಯಪ್ರವೇಶದ ವಿಧಿ ಮುಗಿದ ಮೇಲೆ ಧಾರ್ಮಿಕ ಶಾಲೆಯ ಕಡೆ ತಲೆಹಾಕದ ಮಕ್ಕಳೇ ಬಹಳವಾದ್ದರಿಂದ ಇಂಥ ಶಿಬಿರದ ಬೆಲೆ ಹೆಚ್ಚು.

ಅರವತ್ತರ ದಶಕ ಮುಗಿಯುವಷ್ಟರಲ್ಲಿ ಕಪ್ಪು ಜನರ ಮತ್ತು ಯಹೂದಿಗಳ ಹಳೆಯ ಒಡನಾಟ ಬಿರುಕು ಬಿಟ್ಟಿತ್ತು. 1968ರಲ್ಲಿ ನ್ಯೂಯಾರ್ಕಿನ ಓಷನ್ ಹಿಲ್–ಬ್ರೌನ್ಸ್‌ವಿಲ್‌ನಲ್ಲಿ, ಶಾಲೆಗಳನ್ನು ತಾವೇ ನಡೆಸಬೇಕೆಂದ ಕಪ್ಪು ಪಾಲಕರೂ ಬಹುಪಾಲು ಯಹೂದಿಗಳಿದ್ದ ಶಿಕ್ಷಕರ ಸಂಘವೂ ಎದುರುಬದುರಾದವು. ಮರುವರ್ಷ ಏಪ್ರಿಲ್ 4ರಂದು, ಕಿಂಗ್ ಹತ್ಯೆಯಾಗಿ ವರ್ಷ ತುಂಬಿದ ದಿನ, ಯಹೂದಿ ಹೋರಾಟಗಾರ ಆರ್ಥರ್ ವಾಸ್ಕೋ ವಾಷಿಂಗ್ಟನ್ನಿನ ಕಪ್ಪು ಜನರ ಚರ್ಚೊಂದರಲ್ಲಿ 'ಫ್ರೀಡಂ ಸೇಡರ್' ನಡೆಸಿದರು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ಕಥೆಯನ್ನು ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರವಾಗಿ ಹೇಳುವ ಪಾಸೋವರ್ ಊಟವೇ ಸೇಡರ್. ಅಂದು ಸುಮಾರು 800 ಜನ ಸೇರಿ, ಆ ಕಥೆಯ ಜೊತೆ ಕಪ್ಪು ಜನರ ದಾಸ್ಯದ ಕಥೆಯನ್ನೂ ಓದಿದರು. ಶತಮಾನಗಳಿಂದ ಮಗುವಿನ ಪ್ರಶ್ನೆಯ ಸುತ್ತ ಕಟ್ಟಿಕೊಂಡು ಬಂದ ಇಂಥ ಆಚರಣೆ ಕೈಯಲ್ಲಿರುವಾಗ ಹೊರಗಿನಿಂದ ಪಾಠಕ್ರಮ ಹುಡುಕುವುದೇಕೆ?

ಹದಿಹರೆಯದವರ ಮಟ್ಟಿಗೆ ನಿಜವಾದ ತಿರುವು 1985ರದು. ಫಿಲಡೆಲ್ಫಿಯಾದ ಕಾಂಗ್ರೆಸ್ ಸದಸ್ಯ, ಪಾದ್ರಿ ವಿಲಿಯಂ ಗ್ರೇ ಮತ್ತು ಯಹೂದಿ ಮುಖಂಡ ಜಾರ್ಜ್ ರಾಸ್ 'ಆಪರೇಷನ್ ಅಂಡರ್‌ಸ್ಟ್ಯಾಂಡಿಂಗ್' ಆರಂಭಿಸಿದರು. ಹೈಸ್ಕೂಲಿನ ಕಪ್ಪು ಮಕ್ಕಳೂ ಯಹೂದಿ ಮಕ್ಕಳೂ ಸಮಸಂಖ್ಯೆಯಲ್ಲಿ ಜೊತೆಯಾಗಿ ಓದುವುದು, ಪ್ರಯಾಣ ಮಾಡುವುದು, ಒಂದೇ ಬಸ್ಸಿನಲ್ಲಿ ಜಗಳವಾಡುವುದು. ಅದುವರೆಗೆ ಯಹೂದಿ ಮಕ್ಕಳು ಯಹೂದಿ ಕೊಠಡಿಯಲ್ಲಿ ಕೂತು ಕಪ್ಪು ಜನರ ಬಗ್ಗೆ ಕೇಳುತ್ತಿದ್ದರು. ಇಲ್ಲಿ ಎದುರಿಗಿದ್ದವರು ತಿರುಗಿ ಪ್ರಶ್ನೆ ಕೇಳಿದರು. ಅಟ್ಲಾಂಟಾದಲ್ಲಿ ಬಿಲ್ಲಿ ಪ್ಲೇನರ್ ಕಟ್ಟಿದ 'ಎತ್ಗಾರ್ 36' ಯಹೂದಿ ಹದಿಹರೆಯದವರನ್ನು ದಕ್ಷಿಣದ ಹೋರಾಟದ ಊರುಗಳಿಗೆ ಕರೆದೊಯ್ಯುತ್ತದೆ. ಗುಂಪುಹತ್ಯೆಗೆ ಬಲಿಯಾದ 4,400ಕ್ಕೂ ಹೆಚ್ಚು ಕಪ್ಪು ಜನರ ಸ್ಮಾರಕ 2018ರಲ್ಲಿ ಅಲಬಾಮಾದ ಮಾಂಟ್ಗೊಮರಿಯಲ್ಲಿ ತೆರೆದ ಮೇಲೆ ಇಂಥ ಯಾತ್ರೆಗಳ ತೂಕವೇ ಬದಲಾಯಿತು. ತೂಗುವ ಉಕ್ಕಿನ ಕಂಬಗಳ ಕೆಳಗೆ ನಿಂತ ಮಗುವಿಗೆ ತನ್ನವರ ಶೌರ್ಯದ ಕಥೆಯೊಂದೇ ಸಾಲದು.

ವಿದ್ವಾಂಸರೂ ಆ ಕೊರತೆಯನ್ನು ತುಂಬಿದರು. ಕ್ಯಾರೆನ್ ಬ್ರಾಡ್ಕಿನ್ 1998ರಲ್ಲಿ, ಎರಿಕ್ ಗೋಲ್ಡ್‌ಸ್ಟೀನ್ 2006ರಲ್ಲಿ, ಒಂದು ಕಾಲಕ್ಕೆ ಪೂರ್ತಿ ಬಿಳಿಯರೆನಿಸದ ಯಹೂದಿಗಳು ಬಿಳಿಯರ ಸಾಲಿಗೆ ಸೇರಿದ ಬಗೆಯನ್ನು ಬರೆದರು. ಎರಡನೇ ಮಹಾಯುದ್ಧದ ನಂತರ ಸರ್ಕಾರ ಕೊಟ್ಟ ಮನೆಸಾಲ, ಕಾಲೇಜು ಸವಲತ್ತು ಯಹೂದಿಗಳಿಗೆ ಸಿಕ್ಕ ಹಾಗೆ ಕಪ್ಪು ಯೋಧರಿಗೆ ಸಿಗಲಿಲ್ಲ. ಇನ್ನೂ ಹಿಂದೆ ಹೋದರೆ, 1861ರಲ್ಲಿ ನ್ಯೂಯಾರ್ಕಿನ ರಬ್ಬಿ ಮಾರಿಸ್ ರಾಫಲ್ ಬೈಬಲ್ ಗುಲಾಮಗಿರಿಯನ್ನು ಒಪ್ಪುತ್ತದೆ ಎಂದು ಉಪದೇಶ ಮಾಡಿದರು. ಅದನ್ನು ಖಂಡಿಸಿದ ಬಾಲ್ಟಿಮೋರಿನ ರಬ್ಬಿ ಡೇವಿಡ್ ಐನ್‌ಹಾರ್ನ್ ಊರನ್ನೇ ಬಿಟ್ಟು ಓಡಬೇಕಾಯಿತು. ಇಬ್ಬರನ್ನೂ ಒಂದೇ ತರಗತಿಯಲ್ಲಿ ಓದಿಸಬೇಕು.

ಕೊನೆಯ ತಿರುವು ಕೊಠಡಿಯ ಒಳಗಿನದು. 2000ದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ 'ಬೆಖೋಲ್ ಲಶೋನ್' ('ಎಲ್ಲ ನುಡಿಗಳಲ್ಲೂ' ಎಂದರ್ಥ) ಹಲವು ಬಣ್ಣದ ಯಹೂದಿ ಮಕ್ಕಳಿಗೇ ಶಿಬಿರ ನಡೆಸಿತು. 2021ರಲ್ಲಿ 'ಜ್ಯೂಸ್ ಆಫ್ ಕಲರ್ ಇನಿಷಿಯೇಟಿವ್' ಬಿಳಿಯರಲ್ಲದ ಯಹೂದಿಗಳ ನಡುವೆ ನಡೆಸಿದ ಸಮೀಕ್ಷೆಗೆ ಉತ್ತರಿಸಿದ 1,118 ಜನರಲ್ಲಿ ಶೇ. 80ರಷ್ಟು ಮಂದಿ ಯಹೂದಿ ನೆಲೆಗಳಲ್ಲೇ ತಾರತಮ್ಯ ಅನುಭವಿಸಿದ್ದಾಗಿ ಹೇಳಿದರು. ಪ್ರಾರ್ಥನಾ ಮಂದಿರದ ಬಾಗಿಲಲ್ಲಿ 'ನೀವು ನಿಜಕ್ಕೂ ಯಹೂದಿಯೇ?' ಎಂಬ ಪ್ರಶ್ನೆ ಎದುರಿಸಿದ ಮಗುವಿಗೆ ಸೆಲ್ಮಾದ ಚಿತ್ರ ತೋರಿಸಿ ಏನು ಹೇಳುವುದು?

ಇತ್ತೀಚಿನ ವರ್ಷಗಳು ಸುಲಭದವಲ್ಲ. 2018ರ ಅಕ್ಟೋಬರಿನಲ್ಲಿ ಪಿಟ್ಸ್‌ಬರ್ಗಿನ ಪ್ರಾರ್ಥನಾ ಮಂದಿರದಲ್ಲಿ 11 ಜನರ ಕೊಲೆಯಾಯಿತು. 2020ರ ಆಗಸ್ಟಿನಲ್ಲಿ 600ಕ್ಕೂ ಹೆಚ್ಚು ಯಹೂದಿ ಸಂಸ್ಥೆಗಳು ಕಪ್ಪು ಜನರ ಚಳವಳಿಯನ್ನು ಬೆಂಬಲಿಸಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟವು. ಕ್ಯಾಲಿಫೋರ್ನಿಯಾದ ಜನಾಂಗೀಯ ಅಧ್ಯಯನದ ಪಠ್ಯದ ಮೊದಲ ಕರಡಿನಲ್ಲಿ ತಮ್ಮನ್ನು ಕಂಡ ರೀತಿಯನ್ನು ಹಲವು ಯಹೂದಿ ಸಂಘಗಳು ಪ್ರತಿಭಟಿಸಿದವು. 2023ರ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ಹಮಾಸ್ ನಡೆಸಿದ ದಾಳಿಯ ನಂತರ ಹಳೆಯ ಜೊತೆಗಾರರಲ್ಲಿ ಎಷ್ಟೋ ಜನ ಮಾತು ಬಿಟ್ಟಿದ್ದಾರೆ. ಭಯ ನಿಜ, ನೋವೂ ನಿಜ. ಆದರೂ ಪಾಠವನ್ನು ಇಲ್ಲಿಗೆ ಮಡಚಿಡುವುದು ತಪ್ಪು.

ಪ್ಯೂ ಕೇಂದ್ರದ 2020ರ ಸಮೀಕ್ಷೆಯ ಪ್ರಕಾರ ಅಮೆರಿಕದ ವಯಸ್ಕ ಯಹೂದಿಗಳಲ್ಲಿ ಬಿಳಿಯರಲ್ಲದವರು ಶೇ. 8, ಮೂವತ್ತರ ಒಳಗಿನವರಲ್ಲಿ ಶೇ. 15. ಹೆಶೆಲ್ ಚಿತ್ರ ತರಗತಿಯ ಗೋಡೆಯ ಮೇಲೆ ಇರಲಿ. ಮುಂದಿನ ಪಠ್ಯ ಬರೆಯುವವರು ಮಾತ್ರ ಅದರ ಕರಡನ್ನು ಮೊದಲು ಬಿಳಿಯರಲ್ಲದ ಯಹೂದಿ ಮಕ್ಕಳ ಕೈಗೆ ಕೊಡಲಿ. ಅವರು ತಿದ್ದಿಕೊಟ್ಟ ಮೇಲೆ ಅಚ್ಚಿಗೆ ಹೋಗಲಿ.